ಎಲ್ಲಿಗೂ ಹೋಗದ ಸವಾರಿ

(ಹವ್ಯಾಸಗಳ ಬಗ್ಗೆ ಒಂದು ಸಂಜೆ ಆಡಿದ ಮಾತಿನ ಬರಹ ರೂಪ. ತಡವರಿಸಿದ್ದನ್ನು ಬಿಟ್ಟಿದ್ದೇನೆ. ಸಭೆಯಿಂದ ಬಂದ ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಕೆಳಗಿನ ಮನೆಯವರು ಬೇಗ ಏಳುವವರು. ನಾನು ಸೈಕಲ್ ಹೊತ್ತು ಮೆಟ್ಟಿಲಿಳಿಯುವ ಹೊತ್ತಿಗೆ ಬಾಗಿಲಲ್ಲಿ ನಿಂತಿರುತ್ತಾರೆ. "ಎಲ್ಲಿಗೆ ಹೊರಟ್ರಿ?" ಅನ್ನುತ್ತಾರೆ. "ಎಲ್ಲಿಗೂ ಇಲ್ಲ, ಸುಮ್ನೆ" ಅನ್ನುತ್ತೇನೆ. ಎರಡು ಗಂಟೆ ಬಿಟ್ಟು ಬೆವರು ಸುರಿಸಿಕೊಂಡು ಬಂದಾಗ "ಎಲ್ಲಿಗೆ ಹೋಗಿದ್ರಿ?" ಅನ್ನುತ್ತಾರೆ. ಉತ್ತರ ಅದೇ. ಆರು ವರ್ಷದಿಂದ ಇದು ನಡೆದಿದೆ. ನಾನು ಏನನ್ನೋ ಮುಚ್ಚಿಡುತ್ತಿದ್ದೇನೆ ಅಂತ ಅವರಿಗೆ ಸಣ್ಣ ಗುಮಾನಿ ಇದೆ.

ಇವತ್ತು ಈ ಸಭೆಗೆ ಬರಲು ಸೈಕಲ್ ಇಳಿಸಿದೆ. ಆರು ವರ್ಷದಲ್ಲಿ ಮೊದಲ ಸಲ ಅವರ ಪ್ರಶ್ನೆಗೆ ಸರಿಯಾದ ಉತ್ತರ ಇಟ್ಟುಕೊಂಡು ಹೊರಟಿದ್ದೆ. ಅವರ ಬಾಗಿಲು ಹಾಕಿತ್ತು.

ಅವರ ಗುಮಾನಿಯಲ್ಲಿ ತಪ್ಪೇನಿಲ್ಲ. ಕೆಲಸಕ್ಕೆ, ಶಾಲೆಗೆ, ಸಾಮಾನು ತರಲಿಕ್ಕೆ ತುಳಿಯುವವರನ್ನು ಯಾರೂ ಯಾಕೆ ಅಂತ ಕೇಳುವುದಿಲ್ಲ. ಪಂದ್ಯಕ್ಕೆ ತುಳಿಯುವವರಿಗೆ ಗೆಲ್ಲುವ ಆಸೆ ಇದೆ. ನಮ್ಮಂಥ ಹವ್ಯಾಸಿಗಳದ್ದು ಮಾತ್ರ ಎಡವಟ್ಟು. ಮನೆಯಿಂದ ಹೊರಡುತ್ತೇವೆ, ಮನೆಗೇ ಬರುತ್ತೇವೆ. ನಡುವೆ ಮೂವತ್ತು ನಲವತ್ತು ಕಿಲೋಮೀಟರ್ ಕಾಲು ನೋಯಿಸಿಕೊಳ್ಳುತ್ತೇವೆ.

ಆದರೆ ಇದು ಹೊಸ ಹುಚ್ಚೇನಲ್ಲ. 1817ರ ಜೂನ್ 12ರಂದು ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ಎಂಬಾತ ತಾನೇ ರೂಪಿಸಿದ ಎರಡು ಚಕ್ರದ ಮರದ ಗಾಡಿ ಏರಿ ಊರಾಚೆ ಹೊರಟ. ಅದಕ್ಕೆ ಪೆಡಲ್ ಇಲ್ಲ, ಚೈನ್ ಇಲ್ಲ. ಕೂತು, ಎರಡೂ ಕಾಲಿಂದ ನೆಲವನ್ನು ಒದ್ದುಕೊಂಡು ಮುಂದೆ ಹೋಗಬೇಕು. ಕುದುರೆ ಗಾಡಿಗಳು ತಂಗುವ ಒಂದು ಕಟ್ಟೆಮನೆಯ ತನಕ ಹೋದ. ತಿರುಗಿ ಮನೆಗೆ ಬಂದ. ಹೋಗಿ ಬರಲು ಒಂದು ಗಂಟೆಯೂ ಹಿಡಿಯಲಿಲ್ಲ. ಗಾಡಿ ಓಡುತ್ತದಾ ಅಂತ ನೋಡುವುದೇ ಅವನ ಕೆಲಸ. ನಮಗೆ ಗೊತ್ತಿರುವ ಮೊದಲ ಸೈಕಲ್ ಸವಾರಿಯೇ ಎಲ್ಲಿಗೂ ಹೋಗದ ಸವಾರಿ! ಇದನ್ನು ಕೆಳಗಿನ ಮನೆಯವರಿಗೆ ಒಮ್ಮೆ ವಿವರಿಸಿದೆ. "ಓಹೋ" ಅಂದರು. ಮಾರನೇ ಬೆಳಿಗ್ಗೆ ಮತ್ತೆ ಕೇಳಿದರು.

ಸವಾರಿ ಎರಡೇ ಗಂಟೆಯದ್ದು. ಹವ್ಯಾಸ ಅದಕ್ಕಿಂತ ಉದ್ದ. ಅದು ಹಿಂದಿನ ರಾತ್ರಿಯೇ ಶುರುವಾಗುತ್ತದೆ. ದೀಪ ಚಾರ್ಜ್ ಆಗಿದೆಯಾ, ಬಾಟಲಿಗೆ ನೀರು ತುಂಬಿದೆನಾ, ಬಟ್ಟೆ ಒಣಗಿದೆಯಾ. ಕತ್ತಲಲ್ಲಿ ಸಾಕ್ಸ್ ಹುಡುಕುತ್ತಾ ಮನೆಯವರ ನಿದ್ದೆ ಕೆಡಿಸಿದರೆ ಮುಂದಿನ ವಾರದ ಸವಾರಿಗೆ ಕಲ್ಲು ಬಿತ್ತು ಅಂತಲೇ ಲೆಕ್ಕ. ಅದಕ್ಕೇ ಎಲ್ಲವನ್ನೂ ಹೊರಕೋಣೆಯ ಕುರ್ಚಿಯ ಮೇಲೆ ಗುಡ್ಡೆ ಹಾಕಿಡುತ್ತೇನೆ. ಆ ಕುರ್ಚಿಯಲ್ಲಿ ಈಗ ಯಾರೂ ಕೂರುವುದಿಲ್ಲ.

ಬೆಳಿಗ್ಗೆ ಎದ್ದ ಮೇಲೆ ಮೊದಲ ಕೆಲಸ ಹೆಬ್ಬೆರಳಿನದು. ಎರಡೂ ಟೈರನ್ನು ಒಮ್ಮೆ ಒತ್ತಿ ನೋಡಬೇಕು. ಟ್ಯೂಬಿನ ರಬ್ಬರ್ ನಮ್ಮ ಕಣ್ಣಿಗೆ ಗಟ್ಟಿ ಕಂಡರೂ ಅದರ ಮೈಯಿಂದ ಗಾಳಿ ಮೆಲ್ಲಗೆ ಸೋರುತ್ತಲೇ ಇರುತ್ತದೆ. ತೂತು ಬೇಕಾಗಿಲ್ಲ. ವಾರ ಬಿಟ್ಟರೆ ಒತ್ತಿದ ಕಡೆ ಬೆರಳು ಇಳಿಯುತ್ತದೆ. ಹೆಬ್ಬೆರಳು ಮೀಟರ್ ಅಲ್ಲ, ನಿಜ. ಆದರೆ ದಿನಾ ಒತ್ತುವ ಬೆರಳಿಗೆ ನಿನ್ನೆಗೂ ಇವತ್ತಿಗೂ ಇರುವ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಇನ್ನೊಂದು ಮಾತು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಗಾಳಿಯ ಒತ್ತಡದ ದೊಡ್ಡ ಅಂಕಿ ಗರಿಷ್ಠ ಮಿತಿ. ಅಷ್ಟು ತುಂಬಲೇಬೇಕು ಅಂತ ಅರ್ಥ ಅಲ್ಲ. ನಾನು ಮೊದಲ ವರ್ಷ ಪೂರ್ತಿ ಅಷ್ಟೇ ತುಂಬಿದೆ. ಟೈರು ಕಲ್ಲಿನ ಹಾಗಾಗಿ, ರಸ್ತೆಯ ಒಂದೊಂದು ಹರಳೂ ಹಲ್ಲಿಗೆ ತಾಗುತ್ತಿತ್ತು. ನಿಮ್ಮ ತೂಕ ಕಡಿಮೆ ಇದ್ದರೆ, ಟೈರು ಅಗಲ ಇದ್ದರೆ, ಗಾಳಿಯೂ ಕಡಿಮೆ ಸಾಕು.

ಗಾಳಿ ತುಂಬಿದ ಟೈರು ಬರುವ ಮುಂಚೆ ಜನ ಹೇಗೆ ತುಳಿದರೋ ನನಗೆ ಆಶ್ಚರ್ಯ. ಮರದ ಚಕ್ರ, ಕಬ್ಬಿಣದ ಪಟ್ಟಿ. ಇಂಗ್ಲಿಷ್ ಮಾತಾಡುವವರು ಆ ಗಾಡಿಗೆ ಇಟ್ಟ ಅಡ್ಡಹೆಸರಿಗೆ ಮೂಳೆ ಅಲುಗಿಸುವ ಯಂತ್ರ ಅಂತ ಅರ್ಥ. 1888ರಲ್ಲಿ ಬೆಲ್‌ಫಾಸ್ಟ್‌ನಲ್ಲಿದ್ದ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯ ಗಾಳಿಯ ಟೈರಿಗೆ ಪೇಟೆಂಟ್ ತೆಗೆದುಕೊಂಡ. ತನ್ನ ಮಗನ ಮೂರು ಚಕ್ರದ ಸೈಕಲ್ ಕುಲುಕುತ್ತದೆ ಅಂತ ರಬ್ಬರ್ ಕೊಳವೆಗೆ ಗಾಳಿ ತುಂಬಿ ಚಕ್ರಕ್ಕೆ ಸುತ್ತಿದ್ದೇ ಅದರ ಶುರು. ಇಂಥದ್ದೇ ಯೋಚನೆಗೆ ಸುಮಾರು ನಲವತ್ತು ವರ್ಷ ಮೊದಲೇ ರಾಬರ್ಟ್ ಥಾಮ್ಸನ್ ಪೇಟೆಂಟ್ ಪಡೆದಿದ್ದ. ಆಗ ಪೆಡಲ್ ಸೈಕಲ್ ಇನ್ನೂ ಬಳಕೆಗೆ ಬಂದಿರಲಿಲ್ಲವಲ್ಲ, ಯಾರಿಗೂ ಬೇಕಾಗಲಿಲ್ಲ.

ಗಾಳಿ ಬಂತು ಅಂದಮೇಲೆ ಪಂಕ್ಚರ್ ಬಂತು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಕ್ಷಮಿಸಿ. ಹವ್ಯಾಸಿಯೊಬ್ಬ ನಿಜವಾಗಿ ಸೈಕಲ್ಲಿಗನಾಗುವುದು ಮೊದಲ ನೂರು ಕಿಲೋಮೀಟರ್ ದಿನ ಅಲ್ಲ, ಒಬ್ಬನೇ ರಸ್ತೆ ಬದಿಯಲ್ಲಿ ಪಂಕ್ಚರ್ ಹಾಕಿಕೊಂಡ ದಿನ ಅಂತ ನನ್ನ ನಂಬಿಕೆ.

ನನ್ನ ಮೊದಲನೆಯದು ಮನೆಯಿಂದ 22 ಕಿಲೋಮೀಟರ್ ದೂರದಲ್ಲಿ ಆಯಿತು. ಹಿಂದಿನ ಚಕ್ರ. ಯಾವಾಗಲೂ ಹಿಂದಿನದೇ ಜಾಸ್ತಿ. ನಮ್ಮ ಭಾರ ಅದರ ಮೇಲೇ ಹೆಚ್ಚು ಬೀಳುತ್ತದೆ. ಕಿಟ್ಟು ಇತ್ತು. ಮನೆಯಲ್ಲಿ ಎರಡು ಸಲ ಮಾಡಿ ನೋಡಿದ್ದೆ. ಚಕ್ರ ಬಿಚ್ಚಿದೆ, ಲಿವರ್ ಹಾಕಿ ಟೈರಿನ ಒಂದು ಅಂಚು ಎಬ್ಬಿಸಿದೆ, ಟ್ಯೂಬ್ ಎಳೆದೆ. ಗಾಳಿ ಹೊಡೆದು ಕೆನ್ನೆಯ ಹತ್ತಿರ ಹಿಡಿದು ತಿರುಗಿಸಿದೆ. ಕಿವಿಗೆ ಕೇಳದ ಸೋರಿಕೆ ಕೆನ್ನೆಗೆ ತಾಗುತ್ತದೆ. ಸಿಕ್ಕಿತು. ಉಪ್ಪುಕಾಗದದಲ್ಲಿ ಉಜ್ಜಿ, ಸೊಲ್ಯೂಷನ್ ಹಚ್ಚಿ, ತಕ್ಷಣ ಪ್ಯಾಚ್ ಅಂಟಿಸಿದೆ. ಅಂಟಲಿಲ್ಲ, ಜಾರಿತು. ಸೊಲ್ಯೂಷನ್ ಅನ್ನುವುದು ಗೋಂದಿನ ಹಾಗೆ ಹಸಿ ಇರುವಾಗ ಅಂಟಿಸುವ ವಸ್ತು ಅಲ್ಲ. ಅದರ ಹೊಳಪು ಹೋಗಿ ಮಂಕಾಗುವ ತನಕ, ಐದು ನಿಮಿಷ ಸುಮ್ಮನೆ ಕಾಯಬೇಕು. ಆಮೇಲೆ ಬೆರಳಿಂದ ಒತ್ತಿದರೆ ಬಿಡುವುದೇ ಇಲ್ಲ. ಆ ಐದು ನಿಮಿಷ ಕಾಯುವುದು ನನಗೆ ಇವತ್ತಿಗೂ ಕಷ್ಟ.

ಎರಡನೇ ಪ್ಯಾಚ್ ಕೂತಿತು. ಹೆಮ್ಮೆಯಿಂದ ಹೊರಟೆ. ಎರಡು ಕಿಲೋಮೀಟರ್ ಆಗಲಿಲ್ಲ, ಮತ್ತೆ ಅದೇ ಚಕ್ರ ಕೂತುಬಿಟ್ಟಿತು. ಕಾರಣ ಸರಳ. ತೂತು ಮಾಡಿದ ಕಳ್ಳ ಟೈರಿನೊಳಗೇ ಕೂತಿದ್ದ, ನಾನು ಹುಡುಕಿರಲಿಲ್ಲ. ಎರಡನೇ ಸಲ ಟೈರಿನ ಒಳಮೈಯನ್ನು ಬಟ್ಟೆಯಿಂದ ಸವರಿದೆ. ಬೆರಳಲ್ಲಿ ಸವರಿದರೆ ರಕ್ತ ಬರುವ ಅಪಾಯ ಇದೆ. ಒಂದು ಕಡೆ ಬಟ್ಟೆಯ ನೂಲು ಸಿಕ್ಕಿಕೊಂಡಿತು. ಕೂದಲಿನಷ್ಟೇ ದಪ್ಪದ ಉಕ್ಕಿನ ತಂತಿ. ದೊಡ್ಡ ಲಾರಿಗಳ ಟೈರು ಸಿಡಿದಾಗ ಅದರೊಳಗಿನ ತಂತಿ ಚೂರುಚೂರಾಗಿ ರಸ್ತೆಯಲ್ಲಿ ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಹಲ್ಲಲ್ಲಿ ಕಚ್ಚಿ ಎಳೆದು ತೆಗೆದೆ. ಹೀಗೆ ಮಾಡಬೇಡಿ, ಚಿಮಟ ಇಟ್ಟುಕೊಳ್ಳಿ.

ಅವತ್ತಿನಿಂದ ಒಂದು ಉಪಾಯ ಕಲಿತೆ. ಟೈರು ಹಾಕುವಾಗ ಅದರ ಮೇಲಿನ ಹೆಸರು ಸರಿಯಾಗಿ ವಾಲ್ವ್ ಎದುರಿಗೆ ಬರುವ ಹಾಗೆ ಹಾಕುತ್ತೇನೆ. ನೋಡುವವರು ಶೋಕಿ ಅಂದುಕೊಳ್ಳುತ್ತಾರೆ. ಲಾಭ ಏನೆಂದರೆ, ಟ್ಯೂಬಿನ ತೂತು ವಾಲ್ವಿನಿಂದ ಒಂದು ಗೇಣು ದೂರದಲ್ಲಿದ್ದರೆ, ಟೈರಿನಲ್ಲಿ ಮುಳ್ಳು ಆ ಹೆಸರಿನಿಂದ ಅದೇ ಒಂದು ಗೇಣಿನಲ್ಲಿ ಇರುತ್ತದೆ. ಇಡೀ ಟೈರು ತಡಕಾಡಬೇಕಾಗಿಲ್ಲ. ಅಕ್ಕಪಕ್ಕ ಎರಡು ಸಣ್ಣ ಸೀಳು ಇದ್ದರೆ ಮುಳ್ಳು ಹುಡುಕುವ ಕೆಲಸವೇ ಇಲ್ಲ. ಅದು ಹಾವು ಕಚ್ಚಿದ ಗುರುತಿನ ಹಾಗಿರುತ್ತದೆ. ಗಾಳಿ ಕಡಿಮೆ ಇದ್ದಾಗ ಗುಂಡಿಗೆ ಬಿದ್ದು, ರಿಮ್ಮು ಟ್ಯೂಬನ್ನು ಕಚ್ಚಿದೆ ಅಂತ ಅರ್ಥ. ಅಂದರೆ ಬೆಳಿಗ್ಗೆ ಹೆಬ್ಬೆರಳು ತನ್ನ ಕೆಲಸ ಮಾಡಿಲ್ಲ.

ಚೈನಿನ ವಿಷಯ ಬೇಗ ಮುಗಿಸುತ್ತೇನೆ. ಜನ ಎಣ್ಣೆ ಹಾಕದೆ ಕೆಡಿಸುವುದಕ್ಕಿಂತ ಜಾಸ್ತಿ ಹಾಕಿ ಕೆಡಿಸುತ್ತಾರೆ. ಎಣ್ಣೆ ಬೇಕಿರುವುದು ಕೊಂಡಿಗಳ ಒಳಗಿನ ಪಿನ್ನಿಗೆ, ಹೊರಮೈಗೆ ಅಲ್ಲ. ಹೊರಗೆ ಉಳಿದ ಎಣ್ಣೆ ಧೂಳು ಹಿಡಿದು ಅರೆಯುವ ಪುಡಿಯಾಗುತ್ತದೆ. ಒಂದೊಂದು ಕೊಂಡಿಗೆ ಒಂದೊಂದು ಹನಿ, ಹತ್ತು ನಿಮಿಷ ಬಿಡಿ, ಆಮೇಲೆ ಹಳೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಚೈನ್ ಹಿಗ್ಗಿದೆ ಅನ್ನುತ್ತಾರಲ್ಲ, ಉಕ್ಕು ಹಿಗ್ಗುವುದಿಲ್ಲ. ಪಿನ್ನುಗಳು ಸವೆದು ಸಡಿಲವಾಗಿ ಒಟ್ಟು ಉದ್ದ ಬೆಳೆಯುತ್ತದೆ. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಸರಿಯಾಗಿ ಅರ್ಧ ಇಂಚು. 24 ಕೊಂಡಿ ಅಂದರೆ 12 ಇಂಚು. ಮಕ್ಕಳ ಸ್ಕೇಲ್ ಇಟ್ಟು ನೋಡಿ. 12ರ ಗೆರೆಯ ಮೇಲೆ ಬರಬೇಕಾದ ಪಿನ್ನು ಇಂಚಿನ ಹದಿನಾರನೇ ಒಂದು ಭಾಗ ಆಚೆ ಸರಿದಿದ್ದರೆ ಹೊಸ ಚೈನ್ ಹಾಕಿ. ತಡ ಮಾಡಿದರೆ ಸವೆದ ಚೈನ್ ಹಲ್ಲುಚಕ್ರಗಳನ್ನೂ ತಿಂದು ಹಾಕುತ್ತದೆ. ಖರ್ಚು ಆಮೇಲೆ ಚೈನಿನದಷ್ಟೇ ಅಲ್ಲ.

ಇನ್ನು ಮೈ. ನನಗೆ ಮೊದಲ ವರ್ಷ ಮಂಡಿಯ ಮುಂಭಾಗ ನೋಯುತ್ತಿತ್ತು. ವಯಸ್ಸಾಯಿತು ಅಂದುಕೊಂಡೆ. ಸೀಟು ತಗ್ಗಾಗಿತ್ತು, ಅಷ್ಟೇ. ಎರಡೂ ಪಾದ ನೆಲಕ್ಕೆ ಆರಾಮಾಗಿ ತಾಗಲಿ ಅಂತ ಎಲ್ಲರೂ ಸೀಟು ಇಳಿಸುತ್ತಾರೆ. ಆಗ ಪೆಡಲ್ ಮೇಲೆ ಬಂದಾಗ ಮಂಡಿ ಬಹಳ ಮಡಚುತ್ತದೆ, ಆ ಮಡಚಿದ ಮಂಡಿಯ ಮೇಲೇ ನಾವು ಬಲ ಹಾಕುತ್ತೇವೆ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲ್ ಪೂರಾ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು. ಆಮೇಲೆ ಮುಂಗಾಲಲ್ಲಿ ತುಳಿಯುವಾಗ ಮಂಡಿ ಸ್ವಲ್ಪವೇ ಬಾಗಿರುತ್ತದೆ. ನಿಂತಾಗ ನೆಲಕ್ಕೆ ಕಾಲು ಸಿಗುವುದಿಲ್ಲ ಅನ್ನುತ್ತೀರಾ? ನಿಂತಾಗ ಸೀಟಿನಿಂದ ಮುಂದೆ ಇಳಿದು ನಿಲ್ಲಬೇಕು. ಇದನ್ನು ರೂಢಿ ಮಾಡಲು ನನಗೆ ಒಂದು ವಾರ ಹಿಡಿಯಿತು, ಒಮ್ಮೆ ಸಿಗ್ನಲ್ಲಿನಲ್ಲಿ ಎಲ್ಲರೆದುರು ಮೆಲ್ಲಗೆ ವಾಲಿ ಬಿದ್ದೆ. ಪೆಟ್ಟಾಗಲಿಲ್ಲ. ಮೂರು ಜನ ಓಡಿ ಬಂದು ಎತ್ತಿದರು. ಪೆಟ್ಟಾಗಿದ್ದರೇ ವಾಸಿಯಿತ್ತು ಅನ್ನಿಸಿತು.

ಎಲ್ಲರೂ ಕೇಳಲು ಹಿಂಜರಿಯುವ ಪ್ರಶ್ನೆಗೂ ಉತ್ತರ ಕೊಟ್ಟುಬಿಡುತ್ತೇನೆ. ಹೌದು, ಕೂರುವ ಜಾಗ ನೋಯುತ್ತದೆ. ಮೆತ್ತನೆಯ ದಪ್ಪ ಸೀಟು ಹಾಕಿಸಿದರೆ ಹೋಗುತ್ತದೆ ಅಂದುಕೊಳ್ಳುತ್ತೇವೆ. ಅರ್ಧ ಗಂಟೆಗೆ ಅದು ಸುಖ. ಎರಡು ಗಂಟೆಗೆ ಅದು ಶಿಕ್ಷೆ. ಮೈಭಾರ ಹೊರಬೇಕಾದ್ದು ಕುಂಡೆಯ ಎರಡು ಮೂಳೆಗಳು. ಮೆತ್ತೆಯಲ್ಲಿ ಅವು ಮುಳುಗಿದರೆ ಭಾರ ಅಕ್ಕಪಕ್ಕದ ಮೆದು ಜಾಗಕ್ಕೆ ಬೀಳುತ್ತದೆ. ಆ ಮೂಳೆಗಳ ಅಗಲಕ್ಕೆ ಹೊಂದುವ, ಕೊಂಚ ಗಟ್ಟಿ ಸೀಟೇ ಒಳ್ಳೆಯದು. ಪ್ಯಾಡ್ ಇರುವ ಚಡ್ಡಿ ಹಾಕುವವರು ಒಳಗೆ ಬೇರೆ ಒಳಉಡುಪು ಹಾಕಬಾರದು. ಅದರ ಹೊಲಿಗೆಯೇ ಚರ್ಮ ಉಜ್ಜುತ್ತದೆ. ಇದನ್ನು ನನಗೆ ಯಾರಾದರೂ ಮೊದಲ ದಿನವೇ ಹೇಳಿದ್ದರೆ!

ಈಗ ನಾನು ನಿಜವಾಗಿ ಹೇಳಬೇಕೆಂದು ಬಂದ ವಿಷಯ. ವೇಗ.

ಹವ್ಯಾಸ ಹಿಡಿದು ಆರು ತಿಂಗಳಾದ ಮೇಲೆ ಎಲ್ಲರಿಗೂ ಒಂದು ಕಾಯಿಲೆ ಬರುತ್ತದೆ. ಫೋನಿನ ಆ್ಯಪ್ ತೋರಿಸುವ ಸರಾಸರಿ ವೇಗ ನೋಡುವ ಕಾಯಿಲೆ. ನನಗೂ ಬಂತು. ಗಂಟೆಗೆ 20 ಕಿಲೋಮೀಟರ್ ಇದ್ದದ್ದು 25 ಆಗಬೇಕು ಅಂತ ಹಟ. ಐದೇ ಅಲ್ವಾ ಅನ್ನಿಸುತ್ತದೆ. ಲೆಕ್ಕ ಹಾಕೋಣ. ಸಮತಟ್ಟು ರಸ್ತೆಯಲ್ಲಿ ಈ ವೇಗಕ್ಕೆ ಬಂದಮೇಲೆ ನಮ್ಮ ದೊಡ್ಡ ಎದುರಾಳಿ ಗಾಳಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಆ ತಡೆಯನ್ನು ಅಷ್ಟು ವೇಗದಲ್ಲಿ ತಳ್ಳಿಕೊಂಡು ಹೋಗಲು ಬೇಕಾದ ಶಕ್ತಿ ಎಂಟು ಪಟ್ಟು. ಇದೇ ಲೆಕ್ಕದಲ್ಲಿ 20ರಿಂದ 25ಕ್ಕೆ ಏರಿದರೆ ಗಾಳಿಗೆ ಕೊಡಬೇಕಾದ ಶಕ್ತಿ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಕಾಲು ಭಾಗ ಹೆಚ್ಚು ವೇಗಕ್ಕೆ ಎರಡರಷ್ಟು ಕಪ್ಪ!

ಅಷ್ಟು ಕೊಟ್ಟು ಏನು ಸಿಕ್ಕಿತು? 30 ಕಿಲೋಮೀಟರ್ ಸವಾರಿ 90 ನಿಮಿಷದ ಬದಲು 72 ನಿಮಿಷಕ್ಕೆ ಮುಗಿಯಿತು. ಹದಿನೆಂಟು ನಿಮಿಷ ಮಿಕ್ಕಿತು. ಒಂದು ದಿನ ಹೀಗೆ ಮಿಗಿಸಿಕೊಂಡು ಬಂದು, ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತಾ ಯೋಚಿಸಿದೆ. ಈ ಹದಿನೆಂಟು ನಿಮಿಷವನ್ನು ಏನು ಮಾಡಲಿ? ನಾನು ಹೊರಟದ್ದೇ ಸೈಕಲ್ ಮೇಲೆ ಹೊತ್ತು ಕಳೆಯಲಿಕ್ಕೆ. ಕಚೇರಿಗೆ ಹೋಗುವವನಾದರೆ ಬೇಗ ಮುಟ್ಟುವುದರಲ್ಲಿ ಅರ್ಥ ಇದೆ. ನಾನು ಮುಟ್ಟಬೇಕಾದ್ದು ಹೊರಟ ಬಾಗಿಲನ್ನೇ. ಅಲ್ಲಿಗೆ ಬೇಗ ಹೋಗಬೇಕಾದರೆ ಮನೆಯಲ್ಲೇ ಇರಬಹುದಿತ್ತು.

ಹಾಗಂತ ಜೋರಾಗಿ ತುಳಿಯಲೇಬಾರದು ಅಂತ ಅಲ್ಲ. ಒಂದೊಂದು ದಿನ ಕಾಲು ತಾನೇ ಕೇಳುತ್ತದೆ. ಇಳಿಜಾರಿನಲ್ಲಿ ಸೈಕಲ್ಲನ್ನು ಓಡಲು ಬಿಡುವ ಖುಷಿ ನನಗೂ ಬೇಕು. ಆದರೆ ಆ ಅಂಕಿ ಎಷ್ಟು ಮೋಸ ಮಾಡುತ್ತದೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಎದುರುಗಾಳಿಯಲ್ಲಿ 10 ಕಿಲೋಮೀಟರ್ ಹೋಗಿ, ಅದೇ ಗಾಳಿ ಬೆನ್ನಿಗೆ ಹಾಕಿಕೊಂಡು ಬಂದೆ ಅನ್ನಿ. ಹೋಗುವಾಗ 15ರ ವೇಗ, ಬರುವಾಗ 30. ಸರಾಸರಿ ಇಪ್ಪತ್ತೆರಡೂವರೆ ಬರಬೇಕು ಅನ್ನಿಸುತ್ತದೆ. ಬರುವುದು ಬರೀ 20. ಯಾಕೆಂದರೆ ನಿಧಾನದಲ್ಲಿ 40 ನಿಮಿಷ ಕಳೆದಿದ್ದೇನೆ, ವೇಗದಲ್ಲಿ 20 ನಿಮಿಷ. ಗಾಳಿ ಕಿತ್ತುಕೊಂಡದ್ದನ್ನು ಗಾಳಿಯೇ ಪೂರ್ತಿ ತಿರುಗಿ ಕೊಡುವುದಿಲ್ಲ. ದಿಬ್ಬದ್ದೂ ಇದೇ ಕಥೆ.

ಗಾಳಿಯ ವಿಷಯದಲ್ಲಿ ಹಳಬರ ಬುದ್ಧಿವಾದ ಒಂದೇ. ಹೋಗುವಾಗ ಎದುರುಗಾಳಿ ಇರಲಿ. ನಾನು ಒಮ್ಮೆ ಉಲ್ಟಾ ಮಾಡಿದೆ. ಹೊರಟಾಗ ಸೈಕಲ್ ತಾನೇ ಓಡುತ್ತಿತ್ತು. ಸದ್ದೇ ಇಲ್ಲ, ಕಿವಿಯಲ್ಲಿ ಗಾಳಿಯ ಗುಂಯ್ ಇಲ್ಲ. ಅಬ್ಬಾ, ನಾನು ಎಷ್ಟು ಗಟ್ಟಿಯಾಗಿಬಿಟ್ಟೆ ಅಂದುಕೊಂಡೆ. ಮೂವತ್ತು ಕಿಲೋಮೀಟರ್ ಹೋದಮೇಲೆ ತಿರುಗಿದೆ. ಕದ ತೆಗೆದ ಹಾಗೆ ಗಾಳಿ ಮುಖಕ್ಕೆ ಬಡಿಯಿತು. ಆಗ ಗೊತ್ತಾಯಿತು, ಇಷ್ಟೊತ್ತು ತುಳಿದವರು ಯಾರು ಅಂತ.

ಅವತ್ತೇ ಇನ್ನೊಂದು ಪಾಠವೂ ಆಯಿತು. ಮನೆ ಇನ್ನೂ 12 ಕಿಲೋಮೀಟರ್ ಇದೆ ಅನ್ನುವಾಗ ಕಾಲು ಖಾಲಿ ಚೀಲದ ಹಾಗಾಯಿತು. ಇದಕ್ಕೆ ಸೈಕಲ್ಲಿನವರು 'ಬಾಂಕ್' ಅನ್ನುತ್ತಾರೆ. ಮಾಂಸಖಂಡ ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು ಅರ್ಧ ಕಿಲೋಗಿಂತ ಹೆಚ್ಚೇನೂ ಇರುವುದಿಲ್ಲ. ಜೋರಾಗಿ ತುಳಿದರೆ ಒಂದೂವರೆ ಎರಡು ಗಂಟೆಗೆ ತಳ ಕಾಣುತ್ತದೆ. ಮಿದುಳಿಗೂ ಅದೇ ಸಕ್ಕರೆ ಬೇಕು. ಅದಕ್ಕೇ ಕಾಲು ಸೋಲುವ ಮುಂಚೆ ಮನಸ್ಸು ಕೆಡುತ್ತದೆ. ನನಗೆ ಅವತ್ತು ಸೈಕಲ್ ಮೇಲೆ, ರಸ್ತೆಯ ಮೇಲೆ, ಎದುರಿಗೆ ನಗುತ್ತಾ ಬಂದ ಒಬ್ಬ ಅಪರಿಚಿತನ ಮೇಲೆ ಕೂಡ ಸಿಟ್ಟು ಬಂತು. ಜೇಬಿನಲ್ಲಿ ಮರೆತಿದ್ದ ಒಂದು ಬಾಳೆಹಣ್ಣು ತಿಂದೆ. ಹತ್ತು ನಿಮಿಷಕ್ಕೆ ಲೋಕ ಸರಿಹೋಯಿತು. ಹಸಿವಾದ ಮೇಲೆ ತಿಂದರೆ ತಡವಾಯಿತು ಅಂತಲೇ. ಒಂದು ಗಂಟೆ ದಾಟುವ ಸವಾರಿಯಲ್ಲಿ ಗಡಿಯಾರ ನೋಡಿಕೊಂಡು ಸ್ವಲ್ಪ ಸ್ವಲ್ಪ ತಿನ್ನಬೇಕು.

"ವೇಗ ಬೇಡ ಅಂದ್ರೆ ಗುರಿ ಏನಿರುತ್ತೆ?" ಅಂತ ಹಿಂದಿನ ಸಾಲಿನಿಂದ ಒಬ್ಬ ಯುವಕ ಕೇಳಿದರು. ಒಳ್ಳೆ ಪ್ರಶ್ನೆ. ಗುರಿ ಬೇಕು ಅನ್ನುವವರಿಗೆ ದೂರದ ಸವಾರಿಗಳಿವೆ. ಬ್ರೆವೆ ಅನ್ನುತ್ತಾರೆ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. 300ಕ್ಕೆ 20 ಗಂಟೆ, 600ಕ್ಕೆ 40 ಗಂಟೆ. ಊಟ, ನಿದ್ದೆ, ಪಂಕ್ಚರ್ ಎಲ್ಲ ಅದರೊಳಗೇ. ಇವುಗಳಿಗೆಲ್ಲ ಹಿರಿಯಣ್ಣ ಫ್ರಾನ್ಸಿನ ಪ್ಯಾರಿಸ್‌ನಿಂದ ಬ್ರೆಸ್ಟ್ ಊರಿಗೆ ಹೋಗಿ ತಿರುಗಿ ಬರುವ ಸುಮಾರು 1200 ಕಿಲೋಮೀಟರ್ ಸವಾರಿ. 1891ರಲ್ಲಿ ಪಂದ್ಯವಾಗಿ ಶುರುವಾದದ್ದು, ಈಗ ನಾಲ್ಕು ವರ್ಷಕ್ಕೊಮ್ಮೆ ಹವ್ಯಾಸಿಗಳಿಗಾಗಿ ನಡೆಯುತ್ತದೆ. 90 ಗಂಟೆ ಅದರ ಮಿತಿ. ನನಗೆ ಇಷ್ಟವಾಗುವುದು ಈ ಲೋಕದ ಒಂದು ಪದ್ಧತಿ. ಮೊದಲು ಬಂದವರಿಗೆ ಬಹುಮಾನ ಇಲ್ಲ, ಸ್ಥಾನ ಇಲ್ಲ. ಗಡುವಿನೊಳಗೆ ಬಂದವರೆಲ್ಲ ಒಂದೇ. ನಾನು 200ರದ್ದನ್ನು ಒಮ್ಮೆ ಮುಗಿಸಿದ್ದೇನೆ, ನಲವತ್ತು ನಿಮಿಷ ಬಾಕಿ ಇರುವಾಗ. ಅಲ್ಲಿಯೂ ಹೊರಟ ಜಾಗಕ್ಕೇ ಬಂದು ನಿಂತೆ ಅನ್ನುವುದನ್ನು ಗಮನಿಸಿ.

ಆ್ಯಪ್ ಬಿಟ್ಟುಬಿಟ್ಟಿರಾ ಅಂತ ಕೇಳಿದರೆ ಸುಳ್ಳು ಹೇಳಬೇಕಾಗುತ್ತದೆ. ಹೋದ ತಿಂಗಳು ಮನೆ ಮುಂದೆ ಬಂದಾಗ 49.3 ಅಂತ ತೋರಿಸಿತು. ಬೀದಿಯನ್ನು ಮೂರು ಸುತ್ತು ಹಾಕಿ 50 ಮಾಡಿಕೊಂಡೇ ಇಳಿದೆ. ಕೆಳಗಿನ ಮನೆಯವರು ಮೂರೂ ಸುತ್ತು ನೋಡಿದರು. ಅವತ್ತು ಏನೂ ಕೇಳಲಿಲ್ಲ.

ರಸ್ತೆಯ ಬಗ್ಗೆ ಒಂದೆರಡು ಮಾತು. ಹೊಸಬರು ಭಯಕ್ಕೆ ರಸ್ತೆಯ ಅಂಚಿಗೆ ಅಂಟಿಕೊಂಡು ಹೋಗುತ್ತಾರೆ. ಕಸ, ಗಾಜು, ಮೋರಿ ಮುಚ್ಚಳ ಎಲ್ಲ ಇರುವುದು ಅಲ್ಲೇ. ನಿಂತ ಕಾರುಗಳ ಬಾಗಿಲು ತೆರೆದುಕೊಳ್ಳುವುದೂ ಅಲ್ಲೇ. ಒಂದು ಬಾಗಿಲಿನಷ್ಟು ಜಾಗ ಬಿಟ್ಟು, ನೇರ ಗೆರೆಯಲ್ಲಿ ಹೋಗುವುದು ಕ್ಷೇಮ. ಹಾವಿನ ಹಾಗೆ ಒಳಗೆ ಹೊರಗೆ ಆಡಿದರೆ ಹಿಂದಿನವರಿಗೆ ನಮ್ಮ ಮುಂದಿನ ನಡೆ ತಿಳಿಯುವುದಿಲ್ಲ. ಕಾರಿನಲ್ಲಿ ಹೋಗುವವರಿಗೆ ಒಂದು ವಿನಂತಿ. ಇಳಿಯುವಾಗ ಬಾಗಿಲ ಕಡೆಯ ಕೈ ಬಿಟ್ಟು ಇನ್ನೊಂದು ಕೈಯಿಂದ ಬಾಗಿಲು ತೆಗೆಯಿರಿ. ಮೈ ತಾನಾಗೇ ಹಿಂದಕ್ಕೆ ತಿರುಗುತ್ತದೆ, ಬರುತ್ತಿರುವ ನಾವು ಕಾಣುತ್ತೇವೆ.

ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತೇವೆ ಅಂತ ಹಲವರು ಬರೀ ಹಿಂದಿನದನ್ನೇ ಹಿಡಿಯುತ್ತಾರೆ. ನಿಲ್ಲಿಸುವಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಹಿಂದಿನ ಚಕ್ರ ಹಗುರಾಗಿ ಜಾರುತ್ತದೆ. ನಿಜವಾಗಿ ನಿಲ್ಲಿಸುವುದು ಮುಂದಿನದೇ. ಎರಡನ್ನೂ ಸೇರಿಸಿ, ಮೈಯನ್ನು ಹಿಂದಕ್ಕೆ ಸರಿಸಿ, ಮೆಲ್ಲಗೆ ಬಿಗಿ ಹಿಡಿಯುವುದನ್ನು ಖಾಲಿ ಮೈದಾನದಲ್ಲಿ ಕಲಿಯಿರಿ. ನಾಯಿ ಅಟ್ಟಿಸಿಕೊಂಡು ಬಂದರೆ? ಓಡುವುದನ್ನು ಅಟ್ಟುವುದು ಅದರ ಸ್ವಭಾವ. ಇಳಿದು, ಸೈಕಲ್ಲನ್ನು ನಡುವೆ ಅಡ್ಡ ಹಿಡಿದು ನಡೆದರೆ ಸಾಮಾನ್ಯವಾಗಿ ಅದಕ್ಕೆ ಆಸಕ್ತಿ ಹೋಗುತ್ತದೆ. ನನಗೆ ಇದುವರೆಗೆ ಕೆಲಸ ಮಾಡಿದೆ. ನನ್ನ ಜೊತೆ ಬರುವ ಸ್ನೇಹಿತರೊಬ್ಬರಿಗೆ ಕೆಲಸ ಮಾಡಿಲ್ಲ. ಅವರ ಒಂದು ಸಾಕ್ಸ್ ಹೋಯಿತು.

ಕೊನೆಗೆ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತರು. "ನನಗೆ ಐವತ್ತೆಂಟು. ಚಿಕ್ಕವಳಿದ್ದಾಗ ಸೈಕಲ್ ಕಲಿಯೋಕೆ ಬಿಡಲಿಲ್ಲ. ಈಗ ಕಲಿಯೋಕೆ ಆಗುತ್ತಾ?" ಅಂದರು. ಸಭೆಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ.

ಆಗುತ್ತಮ್ಮ ಅಂದೆ. ದಾರಿ ಡ್ರೈಸ್ ತೋರಿಸಿದ್ದೇ. ಒಬ್ಬರು ಹಿಂದಿನಿಂದ ಸೀಟು ಹಿಡಿದು ಓಡುವುದು ಬೇಡ. ಹಾಗೆ ಹಿಡಿದರೆ ವಾಲುವುದನ್ನು ಅವರು ಸರಿಮಾಡುತ್ತಾರೆ, ಕಲಿಯುವವರಿಗೆ ಏನೂ ಬರುವುದಿಲ್ಲ. ಸೈಕಲ್ಲಿನ ಎರಡೂ ಪೆಡಲ್ ಬಿಚ್ಚಿ. ಎಡಗಡೆಯ ಪೆಡಲ್ಲಿನ ತಿರುಪಿನ ಸುತ್ತು ಉಲ್ಟಾ ಇರುತ್ತದೆ. ಸ್ಪ್ಯಾನರನ್ನು ಮೇಲ್ಮುಖವಾಗಿ ಹಾಕಿ ಹಿಂಚಕ್ರದ ಕಡೆಗೆ ತಿರುಗಿಸಿದರೆ ಎರಡೂ ಬಿಚ್ಚುತ್ತವೆ, ಅಷ್ಟು ನೆನಪಿದ್ದರೆ ಸಾಕು. ಕಲಿಯುವಾಗ ಮಾತ್ರ, ನಾನು ಆಗ ಹೇಳಿದ್ದಕ್ಕೆ ವಿರುದ್ಧವಾಗಿ, ಸೀಟನ್ನು ಪೂರ್ತಿ ತಗ್ಗಿಸಿ. ಕೂತು ನೆಲ ಒದ್ದುಕೊಂಡು ಮುಂದೆ ಹೋಗಿ. ಎರಡು ಹೆಜ್ಜೆ ಒದ್ದು ಕಾಲೆತ್ತಿ. ನಾಳೆ ಮೂರು. ಸೈಕಲ್ ಯಾವ ಕಡೆ ಬೀಳುತ್ತದೋ ಆ ಕಡೆಗೇ ಹ್ಯಾಂಡಲ್ ತಿರುಗಿಸಬೇಕು. ಬುದ್ಧಿ ಬೇಡ ಅನ್ನುತ್ತದೆ, ಕೈಗೆ ತಾನೇ ಗೊತ್ತಾಗುತ್ತದೆ. ಕಾಲೆತ್ತಿಕೊಂಡು ಹತ್ತು ಮಾರು ಜಾರುವುದು ಬಂದರೆ ಪೆಡಲ್ ಹಾಕಿ.

"ಅದು ಬೀಳದೆ ನಿಲ್ಲೋದು ಹೇಗೆ?" ಅಂದರು. ವಿಜ್ಞಾನಿಗಳು ಇನ್ನೂ ಅದೇ ಜಗಳದಲ್ಲಿದ್ದಾರೆ ಅಂದೆ. ಓಡುವ ಸೈಕಲ್ಲನ್ನು ಖಾಲಿ ಬಿಟ್ಟರೂ ಸ್ವಲ್ಪ ದೂರ ಬೀಳದೆ ಹೋಗುತ್ತದೆ. ತಿರುಗುವ ಚಕ್ರದ ಗುಣದಿಂದ ಅಂತ ಬಹಳ ಕಾಲ ಹೇಳುತ್ತಿದ್ದರು. ಹ್ಯಾಂಡಲ್ ತಿರುಗುವ ಓರೆ ಗೆರೆ ನೆಲ ಸೇರುವಲ್ಲಿಂದ ಸ್ವಲ್ಪ ಹಿಂದೆ ಮುಂದಿನ ಚಕ್ರ ನೆಲ ಮುಟ್ಟುವುದರಿಂದ ಅಂತಲೂ ಹೇಳಿದರು. 2011ರಲ್ಲಿ ಸಂಶೋಧಕರು ಈ ಎರಡೂ ಇಲ್ಲದ ಒಂದು ಪುಟ್ಟ ಸೈಕಲ್ ಕಟ್ಟಿ ತಳ್ಳಿದರು. ಅದೂ ಬೀಳದೆ ಹೋಯಿತು. ಆ ಎರಡೂ ಇಲ್ಲದೆಯೂ ಸೈಕಲ್ ನಿಲ್ಲಬಲ್ಲದು ಅಂತಾಯಿತು.

ಅವರು ನಕ್ಕು ಕೂತರು. ಸಭೆ ಮುಗಿದು ಎಲ್ಲರೂ ಹೊರಡುವಾಗ ನೋಡಿದರೆ, ಆವರಣದ ಗೋಡೆಗೆ ಒರಗಿಸಿದ್ದ ನನ್ನ ಸೈಕಲ್ ಹತ್ತಿರ ನಿಂತಿದ್ದರು. ಹ್ಯಾಂಡಲ್ ಮುಟ್ಟಿದರು. ಬೆಲ್ಲನ್ನು ಒಂದು ಸಲ ಮೆಲ್ಲಗೆ ಬಾರಿಸಿದರು. ಆಮೇಲೆ ಬಗ್ಗಿ ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿದರು. ಇನ್ನೊಂದು ಸಲ ಒತ್ತಿದರು.

"ಗಾಳಿ ಕಮ್ಮಿ ಇದೆ ಅಲ್ವಾ?" ಅಂದರು.

ನಾನೂ ಒತ್ತಿ ನೋಡಿದೆ. ಬೆರಳು ಒಳಗಿಳಿಯಿತು. ಬರುವಾಗ ಹೊತ್ತಾಗುತ್ತದೆ ಅಂತ ಆ ಕೆಲಸ ಬಿಟ್ಟು ಹೊರಟಿದ್ದೆ. ಪಂಪು ತೆಗೆದೆ. ವಾಲ್ವನ್ನು ಅವರೇ ಹಿಡಿದುಕೊಂಡರು.